ನಂಬಿಕೆ ಇದ್ದವರು ಅಳಬಾರದು ಅಂತ ಯಾರು ಹೇಳಿದ್ದು?

ವಂದನೆಗಳು. ನಿಮ್ಮ ಪ್ರಶ್ನೆ ಓದಿದೆ. ಚಿಕ್ಕಬಳ್ಳಾಪುರದ ನಿಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ವರ್ಷಾನುಗಟ್ಟಲೆ ಸಂಡೇ ಸ್ಕೂಲ್ ನಡೆಸಿದ ಟೀಚರಮ್ಮ ತೀರಿಕೊಂಡಿದ್ದಾರೆ. ನಿಮಗೆ ಅಳು ನಿಲ್ಲುತ್ತಿಲ್ಲ. ಹಿರಿಯರು ನೋಡಿದರೆ "ಅವರು ಕರ್ತನ ಹತ್ತಿರ ಇದ್ದಾರಲ್ಲಮ್ಮ, ಇನ್ನೂ ಅಳ್ತಾ ಕೂತರೆ ಅದು ಅಪನಂಬಿಕೆ" ಅನ್ನುತ್ತಿದ್ದಾರೆ. ಅದರ ಮೇಲೆ ಸ್ಮರಣೆಯ ಆರಾಧನೆಯಲ್ಲಿ ನೀವೇ ಎರಡು ಮಾತಾಡಬೇಕು ಅಂತ ಬೇರೆ ಹೇಳಿದ್ದಾರೆ. ಅಳೋದು ತಪ್ಪಾ, ನಮಗಿರುವ ನಿರೀಕ್ಷೆ ಅಂದರೆ ಏನು, ಅಲ್ಲಿ ನಿಂತು ಏನು ಹೇಳಲಿ, ಇಷ್ಟು ಕೇಳಿದ್ದೀರಿ.

ನಾನು ಪಾಸ್ಟರ್ ಅಲ್ಲ. ಕೋಲಾರದವನು, ಇಲ್ಲಿನ ಸಭೆಯಲ್ಲಿ ಹಾಡುವವನು. ಹಾಡುವವರಿಗೆ ಮದುವೆಗಿಂತ ಸಾವಿನ ಮನೆಗೇ ಕರೆ ಜಾಸ್ತಿ. ಹಾಗಾಗಿ ಈ "ಅಳಬೇಡಿ" ಅನ್ನೋ ಮಾತು ಬಹಳ ಕೇಳಿದ್ದೇನೆ. ನನಗೆ ಅದು ಒಂದು ದಿನವೂ ಸರಿ ಅನಿಸಿಲ್ಲ.

ಬೇಥಾನ್ಯ ಅನ್ನೋ ಊರಲ್ಲಿ ತನ್ನ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಕಣ್ಣೀರು ಬಿಟ್ಟನು ಅಂತ ಬೈಬಲ್ಲಿನ ಯೋಹಾನ 11ರಲ್ಲಿ ಇದೆ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ಹೊತ್ತಿನಲ್ಲಿ ಅವನಿಗೆ ಏನೇನು ಗೊತ್ತಿತ್ತು ಅಂತ ಯೋಚನೆ ಮಾಡಿ. ಲಾಜರ ಸತ್ತು ನಾಲ್ಕು ದಿನ ಆಗಿದೆ, ಇನ್ನು ಸ್ವಲ್ಪ ಹೊತ್ತಿಗೆ ತಾನೇ ಅವನನ್ನು ಕೂಗಿ ಎಬ್ಬಿಸಲಿದ್ದಾನೆ. "ನಾನೇ ಪುನರುತ್ಥಾನ" ಅಂತ ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳಾದ ಮಾರ್ಥಳಿಗೆ ಹೇಳಿಯೂ ಆಗಿದೆ. ಆದರೂ ಅತ್ತ. ಅಳು ಅಪನಂಬಿಕೆ ಆಗಿದ್ದರೆ ಅವತ್ತು ಬೇಥಾನ್ಯದಲ್ಲಿ ಅಪನಂಬಿಗಸ್ತ ಯಾರು ಸ್ವಾಮಿ?

ಇನ್ನೊಂದು ಜಾಗ ಇದೆ, ಸಾವಿನ ಮನೆಯಲ್ಲಿ ಇದನ್ನು ಓದಿದ್ದು ನಾನು ಕೇಳಿಲ್ಲ. ಯೇಸುವನ್ನು ನಂಬಿದ್ದಕ್ಕೆ ಸ್ತೆಫನ ಅನ್ನುವವನನ್ನು ಕಲ್ಲೆಸೆದು ಕೊಂದಾಗ ಅವನು ಆಕಾಶ ತೆರೆದಿದ್ದನ್ನು ಕಣ್ಣಾರೆ ನೋಡುತ್ತಾ ಪ್ರಾಣ ಬಿಟ್ಟ. ಅವನು ಎಲ್ಲಿಗೆ ಹೋದ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಭಕ್ತರು ಅವನನ್ನು ಹೂಣಿಟ್ಟು ತುಂಬಾ ಗೋಳಾಡಿದರು ಅಂತ ಅಪೊಸ್ತಲರ ಕೃತ್ಯಗಳು 8ರಲ್ಲಿ ಬರೆದಿದೆ. ಗಮನಿಸಿ, ಗೋಳಾಡಿದವರನ್ನು ಭಕ್ತರು ಅಂತಲೇ ಕರೆದಿದೆ. ನಿಮ್ಮ ಹಿರಿಯರಿಗೆ ಬೇಕಾದರೆ ಇದನ್ನೇ ತೋರಿಸಿ, ಜಗಳ ಮಾಡದೆ.

ಹಾಗಾದರೆ ನಿರೀಕ್ಷೆ ಯಾವುದು? ಥೆಸಲೋನಿಕ ಅನ್ನೋ ಊರಿನ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಮೊದಲನೇ ಪತ್ರ ನೋಡಿ, 4ನೇ ಅಧ್ಯಾಯ, 13ರಿಂದ 18. ಕ್ರಿ.ಶ. 50ರ ಆಸುಪಾಸಿನ ಪತ್ರ ಅದು. ಹೊಸ ಸಭೆ. ಯೇಸು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಅಂತ ಕಾಯುತ್ತಿದ್ದವರು. ಅಷ್ಟರಲ್ಲಿ ಅವರಲ್ಲೇ ಕೆಲವರು ತೀರಿಹೋದರು. ಹಾಗಾದರೆ ಇವರ ಗತಿ ಏನು, ಕರ್ತನು ಬರುವ ದಿನ ಇವರಿಗೆ ತಪ್ಪಿಹೋಯಿತಾ ಅಂತ ಉಳಿದವರಿಗೆ ಸಂಕಟ ಶುರುವಾಯಿತು. ಅದಕ್ಕೆ ಪೌಲ "ಅಳಬೇಡಿ" ಅನ್ನಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. ತೀರಿಕೊಂಡವರೇ ಮೊದಲು ಎದ್ದು ಬರುತ್ತಾರೆ, ಆಮೇಲೆ ಉಳಿದವರು ಅವರ ಜೊತೆ ಸೇರಿಕೊಂಡು ಕರ್ತನನ್ನು ಎದುರುಗೊಳ್ಳುತ್ತಾರೆ ಅಂದ. ನನಗೆ ತುಂಬಾ ಹಿಡಿಸೋದು ಆ "ಜೊತೆ" ಅನ್ನೋದೇ. ನಿಮ್ಮ ಟೀಚರಮ್ಮ ಎಲ್ಲೋ ಸುಖವಾಗಿದ್ದಾರೆ, ನೀವು ಇಲ್ಲಿದ್ದೀರಿ, ಅಲ್ಲಿಗೆ ಮುಗೀತು ಅಂತ ಅಲ್ಲ. ಮತ್ತೆ ನೀವಿಬ್ಬರೂ ಒಂದೇ ಕಡೆ ನಿಲ್ಲುವ ದಿನ ಇದೆ.

ಅದೂ ಬರೀ ಆತ್ಮ ಅಲ್ಲ, ಮೈಯೂ ಎದ್ದು ಬರುತ್ತದೆ. ನಮ್ಮಲ್ಲಿ ಸಮಾಧಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತೇವಲ್ಲ, ಆ ಪೆಟ್ಟಿಗೆ ಮೇಲೆ ಹೆಂಟೆ ಬೀಳುವ ಶಬ್ದ ಕೇಳಿದರೆ ಎಂಥವರಿಗೂ ಎದೆ ಧಸಕ್ ಅನ್ನುತ್ತದೆ. ಅದನ್ನೇ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 15ನೇ ಅಧ್ಯಾಯದಲ್ಲಿ ಬಿತ್ತನೆ ಅಂತ ಹೇಳುತ್ತಾನೆ. ಅವನು ಬರೆದದ್ದು ಗೋಧಿ ಕಾಳು, ಕೋಲಾರದಲ್ಲಿ ಕೂತು ಬರೆದಿದ್ದರೆ ರಾಗಿ ಅಂತಿದ್ದ. ಅದೇ ಅಧ್ಯಾಯದಲ್ಲಿ ಸಾವನ್ನು ಕೊನೆಯ ಶತ್ರು ಅಂತಲೂ ಕರೆಯುತ್ತಾನೆ. ಅದಕ್ಕೇ "ಒಳ್ಳೆ ಹೂವನ್ನೇ ದೇವರು ಮೊದಲು ಕಿತ್ತುಕೊಳ್ಳೋದು" ಅನ್ನುವವರ ಮಾತು ನನಗೆ ಇಷ್ಟ ಆಗಲ್ಲ. ಸಾವು ಶತ್ರು ಅಂತ ಬೈಬಲ್ಲೇ ಹೇಳುವಾಗ ನಾವ್ಯಾಕೆ ಅದಕ್ಕೆ ಬಣ್ಣ ಹಚ್ಚಬೇಕು? ಮಕ್ಕಳ ಮುಂದಂತೂ ಆ ಮಾತು ಬೇಡವೇ ಬೇಡ. ನಾಳೆ ದೇವರನ್ನು ಕಂಡರೆ ಹೆದರಿಕೊಳ್ಳುತ್ತವೆ.

ಥೆಸಲೋನಿಕದ ಪತ್ರದ ಆ ಭಾಗ ಮುಗಿಯೋದು ಹೇಗೆ ಗೊತ್ತಾ? ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಅಂತ. ಅಂದರೆ ನೀವೊಬ್ಬರೇ ಬಾಗಿಲು ಹಾಕಿಕೊಂಡು ಧೈರ್ಯ ತಂದುಕೊಳ್ಳಬೇಕು ಅಂತ ಯಾರೂ ಹೇಳಿಲ್ಲ. ಅದು ಸಭೆಯ ಕೆಲಸ. ನಿಮಗೆ ಅಳಬೇಡಿ ಅಂತ ಹೇಳುವವರ ಕೆಲಸವೂ ಹೌದು.

ಈಗ ಸ್ಮರಣೆಯ ಆರಾಧನೆ ವಿಷಯ. ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮ ಸಭೆಯಲ್ಲಿ ಒಬ್ಬ ಆಂಟಿ ಇದ್ದರು, ರಿಟೈರ್ಡ್ ನರ್ಸ್. ಅವರ ಕೈಯಲ್ಲಿ ಯಾವಾಗಲೂ ಒಂದು ಹಸಿರು ವೈರ್ ಬ್ಯಾಗ್. ಅದರಲ್ಲಿ ಬೈಬಲ್, ಕನ್ನಡಕ, ಬಿಪಿ ಮಾತ್ರೆ, ಮಕ್ಕಳಿಗೆ ಪೆಪ್ಪರಮೆಂಟು, ಸಂಗೀತ ಪುಸ್ತಕದ ಬೀರು ಕೀ. ಭಾನುವಾರ ಯಾರು ಬಂದಿಲ್ಲ ಅಂತ ಕಣ್ಣಲ್ಲೇ ಲೆಕ್ಕ ಹಾಕಿ ಸೋಮವಾರ ಸಂಜೆ ಅವರ ಮನೆ ಬಾಗಿಲಿಗೆ ಹಾಜರು. ಬಾಯಿ ಸ್ವಲ್ಪ ಜೋರು, ಬೈಸಿಕೊಳ್ಳದವರು ಸಭೆಯಲ್ಲಿ ಇರಲಿಲ್ಲ. ಅವರು ಹೋದಾಗ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಮಹಾ ದೈವಭಕ್ತೆ, ಪ್ರಾರ್ಥನಾ ವೀರೆ ಅಂತ ಹೊಗಳಿದರು. ಎಲ್ಲ ನಿಜವೇ, ಆದರೆ ಯಾವ ಆಂಟಿಗೆ ಬೇಕಾದರೂ ಹೇಳಬಹುದಾದ ಮಾತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಆಟೋ ಡ್ರೈವರ್ ಎದ್ದ, ನಮ್ಮ ಸಭೆಯವನೂ ಅಲ್ಲ, ಕ್ರೈಸ್ತನೂ ಅಲ್ಲ. "ನನ್ನ ಹೆಂಡತಿ ಹೆರಿಗೆಗೆ ಸೇರಿದಾಗ ನಮ್ಮ ಕಡೆಯವರು ಯಾರೂ ಬರಲಿಲ್ಲ. ಈಯಮ್ಮ ರಾತ್ರಿಯೆಲ್ಲ ವಾರ್ಡ್ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದರು, ಬೆಳಗ್ಗೆ ನಂಗೇ ಬೈದು ಟೀ ಕುಡಿಸಿದರು" ಅಂದ. ಬೈದು ಅಂದ ತಕ್ಷಣ ಎಲ್ಲರೂ ನಕ್ಕರು, ನಗುತ್ತಲೇ ಅತ್ತರು.

ಬೈಬಲ್ಲಿನಲ್ಲಿ ಯೊಪ್ಪ ಅನ್ನೋ ಊರಲ್ಲಿ ದೊರ್ಕ ಅನ್ನುವ ಶಿಷ್ಯೆ ಸತ್ತಾಗಲೂ ಇದೇ ಅಲ್ವಾ ಆಗಿದ್ದು? ಅಪೊಸ್ತಲ ಪೇತ್ರ ಬಂದಾಗ ವಿಧವೆಯರು ಅವಳ ಗುಣಗಾನ ಮಾಡುತ್ತಾ ನಿಲ್ಲಲಿಲ್ಲ. ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಅಳುತ್ತಾ ತೋರಿಸಿದರು. ನೀವೂ ಅಷ್ಟೇ ಮಾಡಿ. ಟೀಚರಮ್ಮ ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು, ಅದು ಬೈಗುಳವಾದರೂ ಪರವಾಗಿಲ್ಲ. ದೇವತೆ ಮಾಡೋಕೆ ಹೋಗಬೇಡಿ. ಅವರು ನಂಬಿಗಸ್ತರಾಗಿದ್ದದ್ದು ದೇವರ ಕೃಪೆಯಿಂದ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಅಕ್ಕಪಕ್ಕದವರು ತಿಥಿ ಯಾವತ್ತು ಅಂತ ಕೇಳುತ್ತಾರೆ, ನಮ್ಮ ಕಡೆ ಕೇಳೇ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಸಾವಿನ ಮನೆಗೆ ಮೊದಲು ಅನ್ನ ಸಾರು ತಂದುಕೊಟ್ಟವರೂ ಅವರೇ ಇರುತ್ತಾರೆ. ಆತ್ಮವನ್ನು ದಾಟಿಸೋಕೆ ಅಂತ ಪ್ರೊಟೆಸ್ಟೆಂಟರಲ್ಲಿ ಕರ್ಮ ಇಲ್ಲ, ಇದು ದೇವರಿಗೆ ಕೃತಜ್ಞತೆ ಹೇಳೋಕೆ ಮತ್ತು ಉಳಿದವರ ಸಮಾಧಾನಕ್ಕೆ ಅಂತ ಹೇಳಿ ಅವರನ್ನೂ ಆರಾಧನೆಗೆ ಕರೆಯಿರಿ. ಕ್ಯಾಥೋಲಿಕರಲ್ಲಿ ತೀರಿಹೋದವರಿಗಾಗಿ ಪ್ರಾರ್ಥನೆ, ಪೂಜೆ ಉಂಟು, ನವೆಂಬರ್ 2ಕ್ಕೆ ಸಮಾಧಿಗೆ ಹೂವು, ಮೇಣದಬತ್ತಿ ಇಡುತ್ತಾರೆ. ನಿಮ್ಮ ಸಭೆ ಯಾವುದು ಅಂತ ಬರೆದಿಲ್ಲ, ಅದಕ್ಕೆ ಎರಡೂ ಹೇಳಿದೆ.

ಆರಾಧನೆ ಮುಗಿದ ಮೇಲೆ ಬರುವ ಭಾನುವಾರಗಳೇ ಕಷ್ಟ. ಅವರ ಕ್ಲಾಸಿನ ಮಕ್ಕಳು ಏನು ಮಾಡೋದು ಗೊತ್ತಾಗದೆ ಅಂಗಳದಲ್ಲಿ ನಿಂತಿರುತ್ತವೆ. ಯಾರಾದರೂ ಆ ಕ್ಲಾಸ್ ತಗೊಳ್ಳಲೇಬೇಕು. ನೀವೇ ಅಂತ ಬಲವಂತ ಇಲ್ಲ, ಆದರೆ ಕೇಳಿದರೆ ಇಲ್ಲ ಅನ್ನಬೇಡಿ.

ಓದೋಕೆ ಥೆಸಲೋನಿಕದ ಆ ಆರು ವಚನ ಸಾಕು, ಉದ್ದ ಬೇಡ. ಪಕ್ಕದಲ್ಲಿ ಒಬ್ಬ ಗೆಳತಿಯನ್ನು ನಿಲ್ಲಿಸಿಕೊಳ್ಳಿ, ಗಂಟಲು ಕಟ್ಟಿದರೆ ಬೈಬಲ್ ಅವರ ಕೈಗೆ ಕೊಡಿ, ಅವರು ಮುಂದಕ್ಕೆ ಓದಲಿ. ಎಲ್ಲಿಗೆ ನಿಲ್ಲಿಸಿದ್ದೀರಿ ಅಂತ ಗೊತ್ತಾಗೋಕೆ ಬೆರಳು ಇಟ್ಟುಕೊಂಡೇ ಓದಿ.