ಕಿಲೋಮೀಟರ್ ಬಿಡ್ರಿ, ತಾಸು ಎಣಿಸ್ರಿ

ಈ ಸಲ ಬಂದ ಪತ್ರದಾಗ ಮೂರು ಪತ್ರ ಬೆಂಗಳೂರಾಗ ಮನಿ ಎಲ್ಲಿ, ಕೆಲಸ ಎಲ್ಲಿ ಅನ್ನೂದರ ಬಗ್ಗೆನ ಅದಾವ. ಅದಕ್ಕ ಮೂರನ್ನೂ ಕೂಡಿಸಿ ಇಲ್ಲೇ ಹಾಕೀನಿ.

ಪ್ರಶ್ನೆ: ನನ್ನ ಮಗನಿಗೆ ಬೆಳ್ಳಂದೂರು ಹತ್ರ ಒಂದು ಕಂಪನಿಯಾಗ ಕೆಲಸ ಸಿಕ್ಕೈತ್ರಿ. ನನ್ನ ತಂಗಿ ಮನಿ ಕೆಂಗೇರಿಯಾಗ ಐತಿ, ಒಂದು ರೂಮ್ ಖಾಲಿನ ಐತಿ, ಇಲ್ಲೇ ಇರ್ಲಿ ಅಂತಾಳ. ಮಗ ಮಾತ್ರ ಆಫೀಸ್ ಬಾಜೂಕ ಪಿಜಿ ಹಿಡೀತೀನಿ ಅಂತ ಹಟ ಮಾಡಾಕತ್ತಾನ. ಒಂದ ಊರಾಗ ಸ್ವಂತ ಅತ್ತಿ ಮನಿ ಇಟ್ಕೊಂಡು ಪಿಜಿಗೆ ಯಾಕ ರೊಕ್ಕ ಸುರೀಬೇಕು?
– ಬೈಲಹೊಂಗಲದ ಒಬ್ಬ ತಂದಿ

ಉತ್ತರ: ಕಡ್ಡಿ ಮುರದಂಗ ಹೇಳ್ತೀನ್ರಿ, ನಿಮ್ಮ ಮಗ ಹೇಳೂದ ಖರೇ. ನೀವು "ಒಂದ ಊರು" ಅಂತ ಬರದೀರಲ್ಲ, ಗಂಟು ಇರೂದು ಅಲ್ಲೇ. ನೀವು ಮುಂಜಾನೆ ಬೈಲಹೊಂಗಲದಾಗ ಬಸ್ ಹತ್ತಿ ಬೆಳಗಾವಿಗೆ ಬಂದು, ಚನ್ನಮ್ಮ ಸರ್ಕಲ್ ಕಡೆ ಕೆಲಸ ಮುಗಿಸಿ, ಕುಂದಾ ಕಟ್ಟಿಸ್ಕೊಂಡು ಮಧ್ಯಾಹ್ನ ಊಟಕ್ಕ ಮನಿ ಮುಟ್ಟತೀರಿ. ಕೆಂಗೇರಿಯಿಂದ ಬೆಳ್ಳಂದೂರು ಅಷ್ಟ ದೂರಾನೂ ಇಲ್ಲ, ಆದ್ರ ದಿನಾ ಹೋಗಿ ಬರಾಕ ನಾಲ್ಕು ತಾಸು ಬೇಕು.

ನಾನು ಇದನ್ನ ಕೇಳಿ ಹೇಳಾಕತ್ತಿಲ್ಲ. 2012ರಿಂದ 2018ರ ತನಕ ಕೆಂಗೇರಿಯಾಗ ಇದ್ದು ಮಾರತ್ತಹಳ್ಳಿ ಕಡೆ ಕೆಲಸಕ್ಕ ಹೋಗ್ತಿದ್ದೆ, ಆಗ ಕೆಂಗೇರಿಗೆ ಮೆಟ್ರೋ ಇರಲಿಲ್ಲ, ಬನಶಂಕರಿ ತನಕ ಒಂದು ಬಸ್, ಅಲ್ಲಿಂದ ರಿಂಗ್ ರೋಡಿನ ಇನ್ನೊಂದು ಬಸ್, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟೂದ್ರಾಗ ಕಾಲು ಮರಗಟ್ಟಿ ಹೋಗ್ತಿದ್ವು. ರಾತ್ರಿ ಮನಿ ಮುಟ್ಟೂದು ಒಂಬತ್ತೂವರಿ, ಹತ್ತು. ಮಗಳು ಆಗ ಎರಡನೇ ಕ್ಲಾಸು, ಮಲಗಿರ್ತಿತ್ತು. ಸಾಲಿ ಡೈರಿ ಟಿವಿ ಮ್ಯಾಲೆ ತಗದಿಟ್ಟು, ಸಹಿ ಮಾಡೂ ಜಾಗಾದಾಗ ಪೆನ್ಸಿಲ್‌ಲೆ "ಅಪ್ಪಾ ಇಲ್ಲಿ" ಅಂತ ಬರದು ಬಾಣದ ಗುರುತು ಹಾಕಿರ್ತಿತ್ತು. ಸಹಿ ಹಾಕಿ ಬ್ಯಾಗಿನ್ಯಾಗ ಇಡ್ತಿದ್ದೆ, ಮತ್ತ ಮುಂಜಾನೆ ಆಕಿ ಏಳೂದ್ರಾಗ ನಾನು ಬಸ್ ಸ್ಟಾಪಿನ್ಯಾಗ. ವಾರಾನಗಟ್ಲೆ ನಾವಿಬ್ರೂ ಆ ಡೈರಿಯಾಗ ಅಷ್ಟ ಭೆಟ್ಟಿ ಆಗ್ತಿದ್ವಿ. ಬಾಡಿಗಿ ಕಡಿಮಿ ಐತಿ ಅಂತ ನಾನ ಆರಿಸಿಕೊಂಡ ಮನಿ ಅದು.

ಈಗ ಮೆಟ್ರೋ ಐತಲ್ಲ ಅಂತೀರಿ. ಐತಿ, 2021ರಾಗ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ನೇರಳೆ ಮಾರ್ಗ ಪೂರಾ ಚಾಲೂ ಆತು, 43 ಕಿಲೋಮೀಟರ್ ಮ್ಯಾಲೆ, ಬಾಳ ಚಲೋ ಆಗೇತಿ. ಆದ್ರ ನಿಮ್ಮ ಮಗನ ದಾರಿ ಹೆಂಗ ನೋಡ್ರಿ: ಅತ್ತಿ ಮನಿಯಿಂದ ಸ್ಟೇಷನ್‌ಗೆ ಆಟೋನೋ ನಡಿಗೀನೋ, ಅಲ್ಲಿಂದ ಬೆನ್ನಿಗಾನಹಳ್ಳಿ ತನಕ ಮೆಟ್ರೋದಾಗ ಸುಮಾರು ಒಂದು ತಾಸು, ಇಳದು ಟಿನ್ ಫ್ಯಾಕ್ಟರಿ ಹತ್ರ ರಿಂಗ್ ರೋಡ್ ಬಸ್ಸಿಗೆ ಕಾಯಬೇಕು, 500ಡಿ ಬಂತಂದ್ರ ಹತ್ತಬೇಕು, ಹತ್ತಿದ ಮ್ಯಾಲೆ ಮಾರತ್ತಹಳ್ಳಿ ದಾಟಿ ಬೆಳ್ಳಂದೂರು. ಆ ಕಡೀ ತುಂಡು ನಕಾಶದಾಗ ಸಣ್ಣದು ಕಾಣ್ತೈತಿ, ಜೀವಾ ಹಣ್ಣಾಗೂದು ಮಾತ್ರ ಅದರಾಗನ. ಮೆಟ್ರೋ ಇಷ್ಟ ನಿಮಿಷಕ್ಕ ಮುಟ್ಟತೈತಿ ಅಂತ ಹೇಳಬಹುದು, ಆ ಬಸ್ಸಿನ ಲೆಕ್ಕ ಯಾರಿಗೂ ಹೇಳಾಕ ಆಗೂದಿಲ್ಲ, ಇವತ್ತು ಅರ್ಧ ತಾಸು, ನಾಳೆ ಮಳಿ ಬಂದ್ರ ಒಂದೂವರಿ ತಾಸು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ ತನಕ ರಿಂಗ್ ರೋಡ್ ಮ್ಯಾಲೆನ ನೀಲಿ ಮಾರ್ಗ ಕಟ್ಟಾಕತ್ತ್ಯಾರ, ಅದು ಓಡಾಕ ಶುರು ಆತಂದ್ರ ಈ ಉತ್ತರಾನ ಬ್ಯಾರೆ ಆಗತೈತಿ, ಆಗ ಮತ್ತ ಅತ್ತಿ ಮನಿ ವಿಚಾರ ಮಾಡ್ರಿ.

ಹಿಂಗ್ಯಾಕ ಆತು ಅಂದ್ರ, ಕೆಲಸ ಒಂದು ಕಡೆ ಬೆಳೀತು, ರೈಲು ಬ್ಯಾರೆ ಕಡೆಯಿಂದ ಶುರು ಆತು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನವ್ರು ಎಲೆಕ್ಟ್ರಾನಿಕ್ ಸಿಟಿಗೆ ಜಾಗಾ ಮಾಡಿದ್ದು 1978ರಾಗ, ಅಲ್ಲಿಗೆ ಮೆಟ್ರೋ ಮುಟ್ಟಿದ್ದು 2025ರಾಗ. ನಡುವ 47 ವರ್ಷ, ಅಂದ್ರ ಒಬ್ಬ ಮನಷ್ಯಾ ಕೆಲಸಕ್ಕ ಸೇರಿ ರಿಟೈರ್ ಆಗಿ ಮೊಮ್ಮಕ್ಕಳನ್ನ ಆಡಿಸೂವಷ್ಟು ವರ್ಷ. ಮೊದಲ ಹಂತದ ಮೆಟ್ರೋ ಮೆಜೆಸ್ಟಿಕ್ ಸುತ್ತ ಊರ ನಡುವ ಓಡಿತು, ಕಂಪನಿಗಳೆಲ್ಲಾ ವೈಟ್‌ಫೀಲ್ಡ್, ರಿಂಗ್ ರೋಡ್ ಅಂತ ಪೂರ್ವದ ಕಡೆ ಹೋಗಿ ಕುಂತ್ವು, ನಮ್ಮಂಥವ್ರಿಗೆ ಎಟಕೂ ಮನಿ ಸಿಕ್ಕಿದ್ದು ಪಶ್ಚಿಮದ ಕಡೆ. ಊರನ್ನ ಅಡ್ಡಡ್ಡ ದಾಟೂದು ನಮ್ಮ ಪಾಲಿಗೆ ಬಂತು.

ಇನ್ನ ರೊಕ್ಕದ ಮಾತು. 2025ರ ಫೆಬ್ರವರಿಯಾಗ ಮೆಟ್ರೋ ದರ ಏರಿಸಿದ್ರು, ಬಾಳ ದೂರದ ಟಿಕೆಟ್ 60 ಇದ್ದದ್ದು 90 ಆತು. ಹೋಗಿ ಬರಾಕ 180 ಹಿಡೀರಿ, 22 ದಿನಕ್ಕ 3,960 ಆಗತೈತಿ, ಸ್ಮಾರ್ಟ್ ಕಾರ್ಡ್‌ನ ಐದು ಪರ್ಸೆಂಟ್ ಬಿಟ್ರೂ ಆಟೋ, ಬಸ್ ಬ್ಯಾರೆ ಕೂಡಸಬೇಕು. ಪಿಜಿ ಪುಗಸಟ್ಟೆ ಅಂತ ನಾನು ಹೇಳಾಕತ್ತಿಲ್ಲ, ಆದ್ರ ಅತ್ತಿ ಮನಿನೂ ಪುಗಸಟ್ಟೆ ಅಲ್ರಿ. ಮ್ಯಾಲೆ ತಿಂಗಳಿಗೆ 88 ತಾಸು ಹುಡುಗ ದಾರಿಮ್ಯಾಲೆ ನಿಂತಿರ್ತಾನ. ಹೊಸಾ ಕೆಲಸ, ಕಲಿಯೂ ವಯಸ್ಸು, ನಿದ್ದಿನರ ಪೂರಾ ಆಗಬೇಕೋ ಬ್ಯಾಡೋ? ಆಫೀಸಿಗೆ ನಡಕೊಂಡು ಹೋಗೂವಷ್ಟು ಹತ್ರ ಪಿಜಿ ನೋಡ್ರಿ, ಶನಿವಾರ ಭಾನುವಾರ ಅತ್ತಿ ಮನಿಗೆ ಹೋಗಿ ರೊಟ್ಟಿ ತಿಂದು ಬರ್ಲಿ, ತಂಗಿನೂ ಸಿಟ್ಟಾಗೂದಿಲ್ಲ.

ಪ್ರಶ್ನೆ: ನಾನು ಖಾನಾಪುರದಿಂದ ದಿನಾ ಬೆಳಗಾವಿಗೆ ಬಂದು ಕೆಲಸ ಮಾಡ್ತೀನಿ. ಈಗ ಎಲೆಕ್ಟ್ರಾನಿಕ್ ಸಿಟಿಗೆ ವರ್ಗ ಆಗೇತಿ. ಹೊಸಾ ಮೆಟ್ರೋ ಆಗೇತಿ ಅಂತಾರ, ಎಲ್ಲಿ ಮನಿ ಹುಡುಕ್ಲಿ?
– ಖಾನಾಪುರದ ಓದುಗರು

ಉತ್ತರ: ನಿಮಗ ದಿನಾ ಓಡಾಡಿ ರೂಢಿ ಐತಿ, ಹಂಗಾಗಿ ನಿಮಗ ಹೆದರಿಕಿ ಹಾಕೂದಿಲ್ಲ. ನೀವು ಕೇಳಿದ ಹೊಸಾ ಮೆಟ್ರೋ ಅಂದ್ರ ಹಳದಿ ಮಾರ್ಗ, ಆರ್.ವಿ.ರೋಡ್‌ನಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದ ತನಕ, 19 ಕಿಲೋಮೀಟರ್, 16 ಸ್ಟೇಷನ್. 2025ರ ಆಗಸ್ಟ್ 10ಕ್ಕ ಉದ್ಘಾಟನೆ ಆತು, ನಮ್ಮ ಬೆಳಗಾವಿ–ಬೆಂಗಳೂರು ವಂದೇ ಭಾರತಕ್ಕ ಹಸಿರು ನಿಶಾನಿ ತೋರಿಸಿದ್ದೂ ಅದ ದಿನಾನ. ಶುರುವಿಗೆ ಮೂರ ರೈಲು ಇದ್ವು, 25 ನಿಮಿಷಕ್ಕೊಂದು, ಆಮ್ಯಾಲೆ ಒಂದೊಂದ ಕೂಡಿಸ್ಕೋತ ಬಂದ್ರು.

ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಈ ಸ್ಟೇಷನ್ ಸುತ್ತ ನೋಡ್ರಿ, ಒಂದ ರೈಲಿನ್ಯಾಗ ಹತ್ತಿ ಇಳದು ಮುಗೀಬೇಕು, ನಡುವ ಬದಲಿ ಮಾಡೂ ಹಂಗ ಇರಬಾರದು. ಬ್ರೋಕರ್ "ಸ್ಟೇಷನ್ ಹತ್ರಾನ ಐತಿ ಮೇಡಂ" ಅಂದ್ರ ನಂಬಬ್ಯಾಡ್ರಿ, ರಾತ್ರಿ ಎಂಟಕ್ಕ ಸ್ಟೇಷನ್‌ನಿಂದ ಆ ಮನಿ ತನಕ ನೀವ ನಡದು ನೋಡ್ರಿ, ದೀಪ ಅದಾವೋ ಇಲ್ಲೋ, ಫುಟ್‌ಪಾತ್ ಐತೋ ಇಲ್ಲೋ, ನಾಯಿ ಎಷ್ಟ ಅದಾವು. ಆಮ್ಯಾಲೆ ಅಡ್ವಾನ್ಸ್ ಕೊಡ್ರಿ. ಶಕ್ತಿ ಯೋಜನೆ 2023ರ ಜೂನ್‌ನಿಂದ ಐತಲ್ಲ, ಬಿಎಂಟಿಸಿ ಸಾದಾ ಬಸ್ಸಿನ್ಯಾಗ ನಿಮಗ ಟಿಕೆಟ್‌ಗೆ ರೊಕ್ಕ ಇಲ್ಲ, ಎಸಿ ವಜ್ರ ಬಸ್ಸಿಗೂ ಮೆಟ್ರೋಕ್ಕೂ ಅದು ನಡಿಯೂದಿಲ್ಲ.

ಊರಿಂದ ವಾಪಸ್ ಹೋಗೂವಾಗ ಮೆಜೆಸ್ಟಿಕ್ ತನಕ ಹೋಗೂ ಗರಜು ಇಲ್ಲ, ಯಶವಂತಪುರಕ್ಕ ಇಳದು ಹಸಿರು ಮಾರ್ಗ ಹಿಡದು ಆರ್.ವಿ.ರೋಡಿಗೆ ಬದಲಿ ಮಾಡ್ರಿ. 2025ರ ಜನವರಿಯಾಗ ಸೋಮವಾರ ಅಷ್ಟ ನೇರಳೆ, ಹಸಿರು ಮಾರ್ಗಾನ ನಸುಕಿನ್ಯಾಗ 4.15ಕ್ಕ ಚಾಲೂ ಮಾಡಿದ್ರು, ರಾತ್ರಿಯೆಲ್ಲಾ ಪ್ರಯಾಣ ಮಾಡಿ ಊರಿಂದ ಬರೂ ನಮ್ಮಂಥ ಮಂದಿ ಸಲುವಾಗಿ. ನಮ್ಮ ಕಡೆಯವ್ರನ್ನ ಯಾರೋ ನೆನಸ್ಯಾರ ಅಂತ ನನಗ ಬಾಳ ಖುಷಿ ಆಗಿತ್ತು.

ಪ್ರಶ್ನೆ: ನೆಲಮಂಗಲದ ಹತ್ರ ಸೈಟ್ ತೋರಿಸಿ, ಸಬರ್ಬನ್ ರೈಲು ಬರತೈತಿ, ಮಗಳು ಇಲ್ಲಿಂದನ ಆಫೀಸಿಗೆ ಹೋಗಬಹುದು ಅಂತ ಏಜೆಂಟ್ ಹೇಳಾಕತ್ತಾನ. ತಗೋಲ್ಯಾ?
– ಜಮಖಂಡಿಯ ಓದುಗರು

ಉತ್ತರ: ರೈಲಿನ ಸಲುವಾಗಿ ಅಂದ್ರ ಬ್ಯಾಡ. ಸಬರ್ಬನ್ ಯೋಜನೆಗೆ 2022ರ ಜೂನ್‌ನಾಗ ಅಡಿಗಲ್ಲು ಹಾಕ್ಯಾರ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಎಲ್ಲಾ ಕೂಡಿ 148 ಕಿಲೋಮೀಟರ್. ಆ ಕಡೆ ಹೋಗೂ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಹೊಂಟು ಚಿಕ್ಕಬಾಣಾವರಕ್ಕ ಮುಗೀತೈತಿ, ನೆಲಮಂಗಲ ಅದರ ಆಚೆ. ಏಜೆಂಟ್‌ಗೆ ಯಾವ ಸ್ಟೇಷನ್, ಹೆಸರು ಹೇಳು ಅಂತ ಕೇಳ್ರಿ. ಮಗಳಿಗೆ ಒಂದು ಮಂಗಳವಾರ ಮುಂಜಾನೆ ಎಂಟಕ್ಕ ಆ ಸೈಟ್ ಮುಂದ ನಿಂತು, ಅಲ್ಲಿಂದ ಆಫೀಸಿಗೆ ಹೋಗಿ ಎಷ್ಟ ಹೊತ್ತಾತು ಅಂತ ನಿಮಗ ಫೋನ್ ಮಾಡು ಅನ್ರಿ.