ಸ್ಕ್ರೂ ಬೇಕೋ ಬೇಡವೋ: ಸೊಂಟದ ನರನಾಳ ಇಕ್ಕಟ್ಟಾದ ಒಂದು ಪ್ರಕರಣ

ಹಾವೇರಿ ಜಿಲ್ಲೆಯ ರೈತ ಮಹಿಳೆ, ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆಗೆ ಗುಳಿಗೆ ನಡೆದಿದೆ. ಗುರುತಿನ ವಿವರ ಕೈಬಿಟ್ಟಿದ್ದೇವೆ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತವೆ, ಕಟ್ಟೆ ಮೇಲೆ ಕೂತರೆ ಇಳಿಯುತ್ತದೆ. ಬಗ್ಗಿ ಕಳೆ ಕೀಳುವಾಗ ಏನೂ ಇಲ್ಲ, ನೆಟ್ಟಗೆ ನಿಂತರೆ ಶುರು. ಸೊಂಟದ ನರನಾಳ ಇಕ್ಕಟ್ಟಾದುದರ ಗುರುತು ಇದೇ. ಬಗ್ಗಿದಾಗ ಬೆನ್ನುಮೂಳೆಯೊಳಗೆ ನರಗಳು ಹಾಯುವ ಈ ನಾಳ ತುಸು ಅಗಲವಾಗುತ್ತದೆ. ನೆಟ್ಟಗಾದರೆ ದಪ್ಪಗಾದ ತಂತುಪಟ್ಟಿ ಒಳಕ್ಕೆ ಮಡಚಿ ನರ ಒತ್ತುತ್ತದೆ. ರಕ್ತನಾಳ ಕಟ್ಟಿದವರಿಗಾದರೆ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ. ಇವರ ಪಾದದ ನಾಡಿ ಸರಿಯಿತ್ತು.

ಎಂಆರ್‌ಐನಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವೆ) ಇಕ್ಕಟ್ಟು. ಹುಬ್ಬಳ್ಳಿಯಲ್ಲಿ ಒಬ್ಬರು ದುರ್ಬೀನು (ಎಂಡೋಸ್ಕೋಪಿ) ಶಸ್ತ್ರಚಿಕಿತ್ಸೆ ಎಂದರು, ಇನ್ನೊಬ್ಬರು ಸ್ಕ್ರೂ-ರಾಡ್ ಹಾಕಿ ಮೂಳೆ ಬೆಸೆಯುವುದು ಎಂದರು. ಮಗ ನಮ್ಮನ್ನು ಕೇಳಿದ್ದು: "ತೂತು ಸಣ್ಣದಿದ್ದಷ್ಟು ಅವ್ವಗ ಛಲೋ ಅಲ್ರೀ?"

ಫೈಲಿನಲ್ಲಿ, ನಿಲ್ಲಿಸಿ ಮುಂದಕ್ಕೆ-ಹಿಂದಕ್ಕೆ ಬಾಗಿಸಿ ತೆಗೆದ ಎಕ್ಸ್‌ರೇ ಇರಲಿಲ್ಲ. ಎಂಆರ್‌ಐ ಮಲಗಿಸಿ ತೆಗೆಯುವುದು, ಮೂಳೆ ಜಾರುವುದು ಅದರಲ್ಲಿ ಅಡಗಿಬಿಡಬಹುದು. ಮೊದಲು ಆ ಎಕ್ಸ್‌ರೇ ಮಾಡಿಸಿ ಎಂದೆವು. ಬಾಗಿದಾಗ ಮೂಳೆ ಹೆಚ್ಚು ಸರಿದಾಡಿದರೆ ಸ್ಕ್ರೂ ಬೇಕಾದೀತು. ಸರಿದಾಡದಿದ್ದರೆ "ಯಾಕೆ ಬೇಕು?" ಎಂದು ಧೈರ್ಯವಾಗಿ ಕೇಳಿ: 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಒತ್ತಡ ಬಿಡಿಸುವುದರ ಜತೆಗೆ ಮೂಳೆ ಬೆಸೆದವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ, ರಕ್ತಸ್ರಾವ, ಖರ್ಚು ಮಾತ್ರ ಹೆಚ್ಚಿತ್ತು.

ಇವರ ಎಕ್ಸ್‌ರೇಯಲ್ಲಿ ಮೂಳೆ ಅಲುಗಲಿಲ್ಲ. ಉಳಿದದ್ದು ಎರಡು ದಾರಿ. ಸುಮಾರು 2 ಸೆಂ.ಮೀ. ಅಗಲದ ಕೊಳವೆ ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಒಂದೇ ಬದಿಯಿಂದ ಎರಡೂ ಬದಿಯ ನರ ಬಿಡಿಸುವುದು; ಅಥವಾ 1 ಸೆಂ.ಮೀ. ಒಳಗಿನ ಎರಡು ತೂತಿನಿಂದ ಸಲೈನ್ ಹರಿಸುತ್ತ ಎಂಡೋಸ್ಕೋಪಿ. ಕಾಲುನೋವಿನ ಮಟ್ಟಿಗೆ ಫಲ ಹೆಚ್ಚುಕಡಿಮೆ ಒಂದೇ. ಗಾಯದ ಅಳತೆಗಿಂತ ಸರ್ಜನ್ನರ ಕೈ ಪಳಗಿರುವುದು ಮುಖ್ಯ. ನರದ ಹೊದಿಕೆ ಪೊರೆ ಹರಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ತಿಳಿಯುತ್ತದೆ. ಬೆನ್ನುಮೂಳೆಯ ಹಿಂದೆ ಚಾಚಿದ ಮುಳ್ಳುಮೂಳೆಗಳ ನಡುವೆ ಸ್ಪೇಸರ್ (ಅಂತರ ಬಿಡಿಸುವ ತುಣುಕು) ಇಡಿಸಲು ನಾವು ಹುರಿದುಂಬಿಸಲಿಲ್ಲ, ಮರುಶಸ್ತ್ರಚಿಕಿತ್ಸೆ ಅದರಲ್ಲೇ ಹೆಚ್ಚು.

ನಡಿಗೆ ಬಹುಮಂದಿಗೆ ಸುಧಾರಿಸುತ್ತದೆ, ಬೆನ್ನುನೋವಿಗೆ ಖಾತ್ರಿಯಿಲ್ಲ. ಸಕ್ಕರೆಯಿಂದ ಬಂದ ಅಂಗಾಲಿನ ಉರಿ ಈ ಶಸ್ತ್ರಚಿಕಿತ್ಸೆಯಿಂದ ಹೋಗುವುದೇ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ "ಆಪರೇಷನ್ ಫೇಲ್" ಎಂಬ ಮಾತು ಬರುತ್ತದೆ. ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ತಾರೀಖು ಸರ್ಜನ್ನರಿಗೆ ತಿಳಿಸಿ: ಸಕ್ಕರೆ ಕೆಲ ದಿನ ಏರುತ್ತದೆ, ಇಂಜೆಕ್ಷನ್ ಆದ ಕೂಡಲೇ ಶಸ್ತ್ರಚಿಕಿತ್ಸೆಯಾದರೆ ಸೋಂಕಿನ ಭಯ. ಮನೆಗೆ ಬಂದ ಮೇಲೆ ಆರು ವಾರ ಕೊಡ, ಚೀಲ ಎತ್ತುವಂತಿಲ್ಲ; ಕುಕ್ಕರಗಾಲಿನ ಶೌಚಾಲಯಕ್ಕೆ ಕಮೋಡ್ ಕುರ್ಚಿ ಇಡಿ.

ಸುಗ್ಗಿ ಮುಗಿಯಲಿ ಎಂದರು ತಾಯಿ. ಕಾಲಿನ ಬಲ ಕುಂದಿರಲಿಲ್ಲ, ಕಾಯಲು ಸರ್ಜನ್ನರೂ ಒಪ್ಪಿದರು. ಅಷ್ಟರಲ್ಲಿ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಬಾರದಿದ್ದರೆ ಅಂದೇ ಹುಬ್ಬಳ್ಳಿಗೆ ಹೊರಡಬೇಕೆಂದು ಮಗನಿಗೆ ಬರೆದುಕೊಟ್ಟಿದೆ.