111 ನಿಮಿಷದ ಸಿಐಡಿ, ನಡುವೆ ಒಂದು ಪವರ್ ಕಟ್

ನಿಮ್ಮ ಪ್ರಶ್ನೆ: "ಹಿಂದಿ ಸಿಐಡಿ ಧಾರಾವಾಹಿಯಲ್ಲಿ ಒಂದೂ ಕಟ್ ಇಲ್ಲದೆ ತೆಗೆದ ಎಪಿಸೋಡ್ ಇದೆಯಂತೆ, ನಿಜವಾ? ಅದರಲ್ಲಿ ಯಾರ್ಯಾರು ಇದ್ದರು? ಈಗ ಕೂತು ನೋಡುವಷ್ಟು ಚೆನ್ನಾಗಿದೆಯಾ?"

ನಿಜ. ಅದು ಪ್ರಸಾರವಾದ ದಿನವೇ ದಾವಣಗೆರೆಯ ಕೆ.ಟಿ.ಜೆ. ನಗರದ ನಮ್ಮ ಮನೆಯಲ್ಲಿ ಸೋದರಮಾವನ ಪಕ್ಕ ಕೂತು ನೋಡಿದವನು ನಾನು. ಪೂರ್ತಿ ನೋಡಿದೆ ಅಂತ ಎದೆ ತಟ್ಟಿ ಹೇಳಲಾರೆ. ಯಾಕೆ ಅನ್ನೋದು ಮುಂದೆ ಬರುತ್ತೆ.

2004ರ ನವೆಂಬರ್ 7, ಭಾನುವಾರ. ದೀಪಾವಳಿಗೆ ಇನ್ನೂ ನಾಲ್ಕೈದು ದಿನ ಇತ್ತು. ಎಪಿಸೋಡಿನ ಹೆಸರು 'ದಿ ಇನ್‌ಹೆರಿಟೆನ್ಸ್', ಅಂದರೆ ಪಿತ್ರಾರ್ಜಿತ. ಕ್ಯಾಮೆರಾ ಒಮ್ಮೆ ಆನ್ ಆದದ್ದು ನಿಂತದ್ದು 111 ನಿಮಿಷಕ್ಕೆ, ಅದಕ್ಕೇ ಜನ ಇವತ್ತಿಗೂ ಅದನ್ನು 'ಸಿಐಡಿ 111' ಅಂತಾರೆ. ಲಿಮ್ಕಾ, ಗಿನ್ನೆಸ್ ದಾಖಲೆಗಳಿಗೆ ಸೇರಿದ್ದು ಇದೇ. ತೆಗೆದವರು ಧಾರಾವಾಹಿಯ ನಿರ್ಮಾಪಕ ಬಿ.ಪಿ. ಸಿಂಗ್. ಆ ಮನುಷ್ಯ ಮೂಲತಃ ಕ್ಯಾಮೆರಾಮನ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಇಂಥ ಹುಚ್ಚು ಕ್ಯಾಮೆರಾ ಹಿಡಿದವನಿಗೆ ಬರಬೇಕೇ ಹೊರತು ಬರೀ ದುಡ್ಡು ಹಾಕುವವನಿಗೆ ಬರಲ್ಲ.

ತಂಡ ನಿಮಗೆ ಗೊತ್ತಿರುವ ತಂಡವೇ. ಎಸಿಪಿ ಪ್ರದ್ಯುಮ್ನ ಆಗಿ ಶಿವಾಜಿ ಸಾಟಮ್, ಅಭಿಜೀತ್ ಆಗಿ ಆದಿತ್ಯ ಶ್ರೀವಾಸ್ತವ, ದಯಾ ಆಗಿ ದಯಾನಂದ ಶೆಟ್ಟಿ. ಬಂಗಲೆಯೊಳಗಿನ ಅನುಮಾನದ ಮುಖಗಳಾಗಿ ಹೊರಗಿನಿಂದ ಕರೆಸಿದ ಕಲಾವಿದರು. ಕೊಲೆಗಾರ ಯಾರು ಅಂತ ನಾನು ಹೇಳಲ್ಲ, ನೀವು ನೋಡಬೇಕಲ್ಲ.

ಸಿಐಡಿ ಶುರುವಾದದ್ದು 1998ರ ಜನವರಿ 21ಕ್ಕೆ. ನಮ್ಮೂರು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು ಅದಕ್ಕಿಂತ ಐದು ತಿಂಗಳು ಹಿಂದೆ, 1997ರ ಆಗಸ್ಟ್ 15ಕ್ಕೆ. ಹಾಗಾಗಿ ನನ್ನ ತಲೆಯಲ್ಲಿ ಹೊಸ ಎಸ್ಪಿ ಆಫೀಸು, ಹೊಸ ಡಿಸಿ ಆಫೀಸು, ಎಸಿಪಿ ಪ್ರದ್ಯುಮ್ನ ಎಲ್ಲ ಒಟ್ಟಿಗೇ ಬಂದವರು. ನಮ್ಮೂರಲ್ಲಿ ಎಸಿಪಿ ಅನ್ನೋ ಹುದ್ದೆಯೇ ಇಲ್ಲ, ಕಮಿಷನರ್ ಇರುವ ಊರಿಗೆ ಮಾತ್ರ ಎಸಿಪಿ, ಇಲ್ಲಿ ಡಿವೈಎಸ್ಪಿ. ಇದು ಗೊತ್ತಾಗೋದಕ್ಕೆ ನನಗೆ ಕಾಲೇಜು ಮುಗಿಯಬೇಕಾಯ್ತು. "ಕುಛ್ ತೋ ಗಡ್‌ಬಡ್ ಹೈ ದಯಾ" (ಏನೋ ಎಡವಟ್ಟಿದೆ ದಯಾ) ಅಂತ ಎಸಿಪಿ ಅಂದಾಗಲೆಲ್ಲ ನಮ್ಮಜ್ಜಿ "ಮತ್ತೆ ಐಸ್‌ಕ್ರೀಮ್ ಕೇಳ್ತಾನೆ ನೋಡು ಮುದುಕ" ಅನ್ನೋಳು. ದಯಾನಂದ ಶೆಟ್ಟಿ ಉಡುಪಿ ಕಡೆಯ ತುಳು ಮನೆತನದವರು, ಗಡ್‌ಬಡ್ ಐಸ್‌ಕ್ರೀಮೂ ಆ ಕಡೆಯದೇ. ಅಜ್ಜಿಯ ತನಿಖೆಯಲ್ಲಿ ಎಲ್ಲ ಸರಿಯಾಗಿ ಕೂಡುತ್ತಿತ್ತು.

ಈಗ ಮಾವನ ವಿಷಯ. ಅವರು ಕಂಪನಿ ನಾಟಕದಲ್ಲಿ ಪ್ರಾಂಪ್ಟರ್ ಆಗಿದ್ದವರು. ದಾವಣಗೆರೆಗೆ ಕಂಪನಿ ನಾಟಕ ಅಂದರೆ ಮನೆ ಮಾತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು, 'ಪೊಲೀಸನ ಮಗಳು' ಅವರದೇ. ದುಗ್ಗಮ್ಮನ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಬಂದು ತಗಡಿನ ಥಿಯೇಟರ್ ಹಾಕುವ ಕಂಪನಿಗಳು ಬೇರೆ. ಮಾವ ಕೆಲಸ ಮಾಡಿದ್ದು ಅಂಥದೊಂದು ಸಣ್ಣ ಕಂಪನಿಯಲ್ಲಿ. ಸೈಡ್ ವಿಂಗಿನ ಕತ್ತಲಲ್ಲಿ ಪುಸ್ತಕ ಹಿಡಿದು ಕೂತು, ಪಾತ್ರಧಾರಿ ಮಾತು ಮರೆತಾಗ ಮುಂದಿನ ನಾಲ್ಕು ಪದ ಮೆಲ್ಲಗೆ ಎತ್ತಿಕೊಡುವ ಕೆಲಸ. ಪ್ರೇಕ್ಷಕರಿಗೆ ಕೇಳಬಾರದು, ನಟನಿಗೆ ಕೇಳಲೇಬೇಕು. ವಯಸ್ಸಾದ ಮೇಲೂ ಅವರು ಮನೆಯಲ್ಲಿ ಮಾತಾಡುತ್ತಿದ್ದದ್ದು ಅದೇ ದನಿಯಲ್ಲಿ, ಗುಟ್ಟು ಹೇಳುವವರ ಹಾಗೆ.

ಶುರುವಾಗಿ ಹದಿನೈದು ನಿಮಿಷಕ್ಕೇ ಮಾವ ಅಂದರು: "ಇದ್ರಾಗೆ ಏನೈತಲೇ ದೊಡ್ಡಸ್ತಿಕೆ? ನಾವು ದಿನಾ ಎರಡು ಶೋ, ಭಾನುವಾರ ಮೂರು, ಎಲ್ಲಾ ಕಟ್ ಇಲ್ದಂಗೇ ಮಾಡ್ತಿದ್ವಿ."

ನನಗೆ ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅರ್ಧ ಸರಿ ಅನ್ನಿಸುತ್ತೆ. ಆ ಎಪಿಸೋಡಿನ ಬಗ್ಗೆ ಬರೆಯುವವರೆಲ್ಲ ಕ್ಯಾಮೆರಾದ ಸಾಹಸ ಅಂತಲೇ ಬರೆಯುತ್ತಾರೆ. ನನ್ನ ಪ್ರಕಾರ ಅದು ನಾಟಕದವರ ಸಾಹಸ. ಸಾಟಮ್ ಮರಾಠಿ ರಂಗಭೂಮಿಯಿಂದ ಬಂದವರು, ಹಗಲು ಬ್ಯಾಂಕ್ ನೌಕರಿ, ಸಂಜೆ ರಿಹರ್ಸಲ್ ಅಂತ ಬೆಳೆದವರು. ಆದಿತ್ಯ ಶ್ರೀವಾಸ್ತವ ಅಲಹಾಬಾದಿನ ನಾಟಕದ ಹುಡುಗ. ಇಬ್ಬರಿಗೂ ಎರಡು ಗಂಟೆ ಪಾತ್ರದಿಂದ ಇಳಿಯದೆ ನಿಲ್ಲುವುದು ರೂಢಿಯ ವಿಷಯ. ನಾನು ಗಮನಿಸಿದ್ದು ಏನೆಂದರೆ, ಸಾಮಾನ್ಯ ಎಪಿಸೋಡಿನಲ್ಲಿ ಬೆರಳು ತಿರುಗಿಸುತ್ತಾ ಸ್ವಲ್ಪ ಹೆಚ್ಚೇ ಮಾಡುವ ಸಾಟಮ್ ಇಲ್ಲಿ ತೂಕ ಇಟ್ಟುಕೊಂಡು ಮಾಡುತ್ತಾರೆ. ಕಡೆಯ ತನಕ ಉಸಿರು ಉಳಿಸಿಕೊಳ್ಳಬೇಕು ಅನ್ನೋ ಲೆಕ್ಕಾಚಾರ ಅವರ ನಡಿಗೆಯಲ್ಲೇ ಕಾಣುತ್ತೆ. ದಯಾನಂದ ಶೆಟ್ಟಿ ಕ್ರೀಡಾಪಟು, ಡಿಸ್ಕಸ್ ಎಸೆಯುತ್ತಿದ್ದವರು. ಅವರಿಗೆ ಮಾತು ಕಡಿಮೆ ಕೊಟ್ಟು ಓಡಾಟ ಜಾಸ್ತಿ ಕೊಡುವುದು ಸಿಐಡಿಯಲ್ಲಿ ಯಾವತ್ತೂ ಒಳ್ಳೆ ಉಪಾಯ. ಬಾಗಿಲು ಮುರಿಯುವ ದಯಾಗೆ ಬೇರೆ ದಿನ ಎರಡನೇ ಬಾಗಿಲು ಸಿಗುತ್ತೆ. ಒಂದೇ ಶಾಟಿನಲ್ಲಿ ಬಾಗಿಲು ಮೊದಲ ಒದೆತಕ್ಕೆ ಬೀಳದಿದ್ದರೆ ಕತೆ ಮುಗೀತು.

ಮಾವನ ಮಾತಿನ ಉಳಿದರ್ಧ ತಪ್ಪು. ನಾಟಕದಲ್ಲಿ ನೋಡುವವರು ಕೂತಲ್ಲೇ ಕೂತಿರುತ್ತಾರೆ, ಕುರ್ಚಿ ಎದ್ದು ವಿಂಗಿನೊಳಗೆ ಬರಲ್ಲ. ಇಲ್ಲಿ ಕ್ಯಾಮೆರಾ ಎಲ್ಲಾ ಕಡೆ ನುಗ್ಗುತ್ತೆ. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೆಟ್ಟಿಲು, ಅಲ್ಲಿಂದ ಮತ್ತೊಂದು ಬಾಗಿಲು. ಹಾಗಾದರೆ ಲೈಟು ಎಲ್ಲಿ ಇಡೋದು? ಮೈಕ್ ಹಿಡಿದವನು ಎಲ್ಲಿ ನಿಲ್ಲೋದು? ಹೋಗುವ ದಾರಿಯ ಪ್ರತಿ ಕೋಣೆಗೂ ಮೊದಲೇ ಬೆಳಕು ಹಾಕಿ, ದೀಪಗಳನ್ನು ಕಣ್ಣಿಗೆ ಬೀಳದ ಹಾಗೆ ಮುಚ್ಚಿಡಬೇಕು. ಕನ್ನಡಿ, ಕಿಟಕಿ ಗಾಜಿನಲ್ಲಿ ತಂಡದವರ ನೆರಳು ಬೀಳಬಾರದು. ಕ್ಯಾಮೆರಾ ಹೊತ್ತವನ ಜೊತೆ ಫೋಕಸ್ ಹಿಡಿಯುವವನೂ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಇಲ್ಲಿಯ ಮಾತು ಮುಗಿಸಿದ ನಟ ಕ್ಯಾಮೆರಾದ ಬೆನ್ನ ಹಿಂದೆ ಓಡಿ ಮುಂದಿನ ಕೋಣೆಯಲ್ಲಿ ಏದುಸಿರು ಬಿಡದೆ ನಿಂತಿರಬೇಕು. ನೂರನೇ ನಿಮಿಷದಲ್ಲಿ ಯಾರಾದರೂ ಸೀನಿದರೆ ಮೊದಲಿಂದ ಶುರು.

ಫಿಲ್ಮಿನಲ್ಲಿ ಇದು ಸಾಧ್ಯವೇ ಇರಲಿಲ್ಲ, ಸಾವಿರ ಅಡಿ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ವಿಡಿಯೊ ಬಂದ ಮೇಲೇ ಇಂಥ ಆಸೆ ಕೈಗೂಡಿದ್ದು. ರಷ್ಯಾದ ನಿರ್ದೇಶಕ ಸೊಕುರೊವ್ 2001ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅರಮನೆಯಲ್ಲಿ ಇಡೀ ಸಿನಿಮಾ ಒಂದೇ ಶಾಟಿನಲ್ಲಿ ತೆಗೆದರು, ಮೂರು ಸಲ ಕೆಟ್ಟು ನಾಲ್ಕನೇ ಸಲ ಆಯ್ತು. ಅದು ಒಂದೂವರೆ ಗಂಟೆ ಚಿಲ್ಲರೆ. ನಮ್ಮ ಸಿಐಡಿಯವರು ಅದಕ್ಕಿಂತ ಹೆಚ್ಚು ಹೊತ್ತು ಎಳೆದಿದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಇದು ಟಿವಿ ಧಾರಾವಾಹಿಯ ಬಜೆಟ್ಟು.

ನೋಡುವಷ್ಟು ಚೆನ್ನಾಗಿದೆಯಾ ಅಂದರೆ, ಪತ್ತೇದಾರಿ ಕತೆಯಾಗಿ ಸಾಧಾರಣ. ಆಸ್ತಿ, ಬಂಗಲೆ, ಎಲ್ಲರ ಮೇಲೂ ಅನುಮಾನ. ನಡುನಡುವೆ ಎಳೆತ ಇದೆ. ಕಟ್ ಇದ್ದಿದ್ದರೆ ಎರಡು ಸೆಕೆಂಡಿನಲ್ಲಿ ಮುಗಿಯುವ ಮೆಟ್ಟಿಲನ್ನು ಇಲ್ಲಿ ಪ್ರತಿಯೊಬ್ಬರೂ ನಿಜವಾಗಿ ಹತ್ತಲೇಬೇಕು. ಸಿಐಡಿ ಅಂದ ಕೂಡಲೇ ನೆನಪಾಗುವ ಆ ಧಡ್ ಧಡ್ ಧಡ್ ಅಂತ ಒಬ್ಬೊಬ್ಬರ ಮುಖಕ್ಕೆ ಹಾರುವ ಶಾಟು ಇಲ್ಲಿ ಸಾಧ್ಯವೇ ಇಲ್ಲ, ಅದು ಎಡಿಟಿಂಗ್ ಟೇಬಲ್ಲಿನ ಮಾಲು. ಅದು ಇಲ್ಲದೆ ಸಿಐಡಿ ಅರ್ಧ ಬೇರೆ ಧಾರಾವಾಹಿ ಆಗಿಬಿಡುತ್ತೆ. ನನಗೆ ಇಷ್ಟವಾದದ್ದೂ ಅದೇ. ಒಬ್ಬ ಮಾತಾಡುವಾಗ ಇನ್ನೊಬ್ಬ ಏನು ಮಾಡುತ್ತಿದ್ದಾನೆ ಅನ್ನೋದು ಕಾಣುತ್ತೆ. ಸುಮ್ಮನೆ ನಿಂತವರನ್ನು ನೋಡಿ, ಮಾತಾಡುವವರನ್ನಲ್ಲ.

ಹಾಗೇ ಒಂದು ಮಾತು, ದಿನೇಶ್ ಫಡ್ನಿಸ್ ಬಗ್ಗೆ. ಫ್ರೆಡ್ರಿಕ್ಸ್ ಪಾತ್ರ ಮಾಡುತ್ತಿದ್ದವರು, 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಜನ ಜೋಕರ್ ಅಂತ ತಳ್ಳಿಹಾಕುವುದುಂಟು. ಕಂಪನಿ ನಾಟಕ ನೋಡಿದವರು ಹಾಗೆ ಅನ್ನಲ್ಲ. ಹಿಂದೆ ದರ್ಬಾರ್ ಸೀನು ಜೋಡಿಸುವಾಗ ಮುಂದೆ ಒಂದು ಪರದೆ ಇಳಿಬಿಟ್ಟು ಹಾಸ್ಯದವರನ್ನು 'ರಸ್ತೆ ಸೀನಿ'ಗೆ ಬಿಡುತ್ತಿದ್ದರು. ಆ ಐದು ನಿಮಿಷ ಜನರನ್ನು ಕಟ್ಟಿಹಾಕದಿದ್ದರೆ ನಾಟಕವೇ ಇಲ್ಲ. ಸಿಐಡಿಯಲ್ಲಿ ಎರಡು ಸುಳಿವುಗಳ ನಡುವೆ ಫ್ರೆಡ್ಡಿ ಮಾಡುತ್ತಿದ್ದದ್ದು ಪಕ್ಕಾ ಅದೇ ರಸ್ತೆ ಸೀನಿನ ಕೆಲಸ. ಇದೂ ಮಾವ ಹೇಳಿದ್ದೇ, ನನ್ನ ಬುದ್ಧಿಯಲ್ಲ.

ಇನ್ನು ಆ ಭಾನುವಾರದ ಕತೆ. ಶುರುವಾಗಿ ಹೆಚ್ಚುಕಡಿಮೆ ಒಂದು ಗಂಟೆ ಆಗಿತ್ತು, ಎಸಿಪಿ ಯಾರನ್ನೋ ಪ್ರಶ್ನೆ ಕೇಳುತ್ತಿದ್ದರು, ಫಕ್ಕನೆ ಕರೆಂಟ್ ಹೋಯ್ತು. ಬೀದಿಗೆ ಬೀದಿಯೇ ಕತ್ತಲು. ಮುಂಬೈಯವರು ಅಷ್ಟು ಕಷ್ಟಪಟ್ಟು ಕಟ್ ಹೇಳದೆ ತೆಗೆದದ್ದಕ್ಕೆ ನಮ್ಮೂರಿನ ಲೈನು ಕಟ್ ಹೇಳಿಬಿಟ್ಟಿತು. ನಾನು ಗೋಳಾಡುತ್ತಾ ಕೂತೆ. ಮಾವ ಮಾತ್ರ ಆರಾಮ. ಕಂಪನಿಯಲ್ಲಿ ಕರೆಂಟ್ ಹೋದರೆ ಪೆಟ್ರೋಮ್ಯಾಕ್ಸ್ ಬರುವ ತನಕ ಹಾರ್ಮೋನಿಯಂ ನಿಲ್ಲಿಸುವ ಹಾಗಿರಲಿಲ್ಲ, ನಟರು ಕತ್ತಲಲ್ಲೇ ಮಾತು ಮುಂದುವರಿಸಬೇಕಿತ್ತು ಅಂತ ಶುರುಮಾಡಿದರು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಟಿವಿ ಹತ್ತಿಕೊಂಡಿತು. ಮಾವ ಕಣ್ಣು ಕಿರಿದು ಮಾಡಿ ನೋಡಿ, "ಏನೂ ಹೋಗಿಲ್ಲ ಬಿಡಲೇ, ಇನ್ನೂ ಅದೇ ಮನೀಯಾಗೇ ಓಡಾಡ್ತದಾರೆ" ಅಂದರು.

ಆ ಇಪ್ಪತ್ತು ನಿಮಿಷ ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಮೊಬೈಲಿನಲ್ಲಿ, ಮಾವನನ್ನು ಪಕ್ಕ ಕೂರಿಸಿಕೊಂಡೇ. ಅವರು ಕನ್ನಡಕ ಹಣೆಗೆ ಏರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. ಸಾಟಮ್ ಕಡೆ, ಆದಿತ್ಯ ಕಡೆ ನೋಡಲೇ ಇಲ್ಲ. ಬಾಗಿಲ ಸಂದಿ, ಕಿಟಕಿ ಪರದೆ, ಕಪಾಟಿನ ಹಿಂದೆ ಹುಡುಕುತ್ತಿದ್ದರು. ಎರಡು ಸಲ ನಿಲ್ಲಿಸಿ ಹಿಂದಕ್ಕೆ ಓಡಿಸಲು ಹೇಳಿದರು.

"ಏನು ಮಾವ, ಕೊಲೆಗಾರ ಸಿಕ್ಕನಾ?" ಅಂದೆ.

"ಕೊಲೆಗಾರ ಯಾವನಾರ ಆಗ್ಲಿ" ಅಂದರು, "ಇವರ ಪ್ರಾಂಪ್ಟರ್ ಎಲ್ಲಿ ಕುಂತಾನೆ ಹೇಳು ಮೊದ್ಲು."